ವೃಷಣದೊಳಗಿನ ಜರಡಿ: ವೀರ್ಯಾಣು ಆಗಬೇಕಿದ್ದ ಕೋಶಗಳು ಯಾಕೆ ಸಾಯುತ್ತವೆ?

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಇಲಿಯ ವೃಷಣದಲ್ಲಿ ಒಂದು ಕಾಂಡಕೋಶ ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಹತ್ತು ಸಲ ಒಡೆದರೆ 1,024. ಆಮೇಲೆ ಅವು ಒಂದೊಂದೂ ಮಿಯಾಸಿಸ್ ಎಂಬ ವಿಶೇಷ ವಿಭಜನೆಗೆ ಇಳಿದು ನಾಲ್ಕು ನಾಲ್ಕಾಗುತ್ತವೆ. ಒಟ್ಟು 4,096 ವೀರ್ಯಾಣು. ಕಾಗದದ ಮೇಲೆ ಲೆಕ್ಕ ಚುಕ್ತಾ. ಆದರೆ ನಿಜವಾದ ವೃಷಣದಲ್ಲಿ ಎಣಿಸಿದರೆ ಅಷ್ಟು ಸಿಗುವುದೇ ಇಲ್ಲ. ಇಲಿಗಳಲ್ಲಿ ಎಣಿಸಿ ನೋಡಿದವರ ಅಂದಾಜಿನಂತೆ, ಆಗಬೇಕಿದ್ದ ವೀರ್ಯಾಣುಗಳಲ್ಲಿ ಮುಕ್ಕಾಲು ಪಾಲಿನವರೆಗೂ ನಡುದಾರಿಯಲ್ಲೇ ಮಾಯವಾಗುತ್ತವೆ.

ಎಲ್ಲಿ ಹೋದವು? ಸತ್ತವು. ಕಾಯಿಲೆ ಬಂದು ಸತ್ತಿದ್ದಲ್ಲ, ಪೆಟ್ಟು ಬಿದ್ದೂ ಅಲ್ಲ. ತಮ್ಮೊಳಗೇ ಇದ್ದ ಯಂತ್ರವನ್ನು ಚಾಲೂ ಮಾಡಿಕೊಂಡು ತಾವೇ ಮುಗಿದುಹೋದವು. ಅದೂ ಗಟ್ಟಿಮುಟ್ಟಾಗಿರುವ ಪ್ರಾಣಿಯಲ್ಲಿ, ದಿನಾ.

ಮೊದಲ ಸಲ ಇದನ್ನು ಓದಿದಾಗ ನನಗೆ ಶುದ್ಧ ದಂಡ ಅನ್ನಿಸಿತ್ತು. ನಾಲ್ಕು ಮಾಡಿ ಮೂರನ್ನು ಎಸೆಯುವುದಾದರೆ ಮಾಡುವುದಾದರೂ ಯಾಕೆ? ಆದರೆ ಈ ಸಾವನ್ನು ತಡೆದು ನೋಡಿದವರು ಇದ್ದಾರೆ. ತಡೆದಾಗ ವೀರ್ಯಾಣು ಜಾಸ್ತಿಯಾಗಲಿಲ್ಲ. ಒಂದೂ ಉಳಿಯಲಿಲ್ಲ. ಆ ಕಥೆಗೆ ಬರುತ್ತೇನೆ. ಅದಕ್ಕೆ ಮುಂಚೆ ಈ ಸಾವು ಎಂಥದ್ದು ಅಂತ ನೋಡಬೇಕು.

ಎಲೆ ಉದುರಿದ ಹಾಗೆ

ಜೀವಕೋಶ ಎರಡು ಥರ ಸಾಯಬಹುದು. ಸುಟ್ಟರೆ, ಜಜ್ಜಿದರೆ, ಆಕ್ಸಿಜನ್ ಸಿಗದಿದ್ದರೆ ಅದು ಊದಿಕೊಂಡು ಒಡೆಯುತ್ತದೆ. ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲುತ್ತದೆ. ಸುತ್ತಮುತ್ತ ಉರಿಯೂತ ಆಗುತ್ತದೆ. ಇನ್ನೊಂದು ಸಾವು ಸದ್ದಿಲ್ಲದ್ದು. ಕೋಶ ಕುಗ್ಗುತ್ತದೆ. ತನ್ನ ಡಿಎನ್‌ಎಯನ್ನು ತಾನೇ ತುಂಡು ತುಂಡು ಮಾಡುತ್ತದೆ. ಕೊನೆಗೆ ಪೊರೆ ಹರಿಯದಂತೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಬಿಡಿಯಾಗುತ್ತದೆ. ಪಕ್ಕದ ಕೋಶಗಳು ಆ ಪೊಟ್ಟಣಗಳನ್ನು ನುಂಗಿ ಜೀರ್ಣಿಸಿಕೊಳ್ಳುತ್ತವೆ. ಒಂದು ಹನಿಯೂ ಹೊರಗೆ ಚೆಲ್ಲುವುದಿಲ್ಲ.

ಈ ಎರಡನೆಯದಕ್ಕೆ 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ, ಅಲಸ್ಟೇರ್ ಕರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಆ ಪದವನ್ನು ಸೂಚಿಸಿದ್ದು ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್. ಗ್ರೀಕ್‌ನಲ್ಲಿ ಅದಕ್ಕೆ ಎಲೆ, ಹೂವಿನ ಪಕಳೆ ಉದುರುವುದು ಎಂದರ್ಥ. ಒಳ್ಳೆಯ ಹೆಸರು. ಎಲೆ ಸುಮ್ನೆ ಕಳಚಿ ಬೀಳುವುದಿಲ್ಲ ಅಲ್ವಾ, ಮರವೇ ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ ಅದನ್ನು ಬಿಡಿಸುತ್ತದೆ.

ಒಳಗಿನ ಯಂತ್ರ ಹೆಚ್ಚುಕಮ್ಮಿ ಹೀಗಿದೆ. ಕೋಶದಲ್ಲಿ ಬಿಸಿಎಲ್-2 ಎಂಬ ಪ್ರೊಟೀನ್ ಕುಟುಂಬ ಇದೆ. ಒಂದೇ ಮನೆಯವರು, ಆದರೆ ಎರಡು ಪಕ್ಷ. ಬಿಸಿಎಲ್-2 ಮತ್ತು ಬಿಸಿಎಲ್-ಎಕ್ಸ್‌ಎಲ್ ಕೋಶವನ್ನು ಉಳಿಸುವ ಪಕ್ಷ. ಬ್ಯಾಕ್ಸ್, ಬ್ಯಾಕ್ ಮುಗಿಸುವ ಪಕ್ಷ. ಬ್ಯಾಕ್ಸ್ ಕೈ ಮೇಲಾದರೆ ಅದು ಮೈಟೊಕಾಂಡ್ರಿಯಾಕ್ಕೆ ತೂತು ಕೊರೆಯುತ್ತದೆ. ಆ ತೂತಿನಿಂದ ಸೈಟೊಕ್ರೋಮ್ ಸಿ ಸೋರುತ್ತದೆ. ಅಲ್ಲಿಯವರೆಗೆ ಶಕ್ತಿ ತಯಾರಿಸಲು ದುಡಿಯುತ್ತಿದ್ದ ಪ್ರೊಟೀನ್ ಅದು. ಹೊರಗೆ ಬಂದ ತಕ್ಷಣ ಅದೇ ಮರಣದ ಸಂದೇಶ. ಅದು ಸಿಕ್ಕ ಕೂಡಲೇ ಅಪಾಫ್-1 ಎಂಬ ಏಳು ಅಣುಗಳು ಚಕ್ರದ ಹಾಗೆ ಜೋಡಿಸಿಕೊಳ್ಳುತ್ತವೆ. ಆ ಚಕ್ರ ಕಾಸ್ಪೇಸ್-9 ಅನ್ನು ಎಬ್ಬಿಸುತ್ತದೆ, ಅದು ಕಾಸ್ಪೇಸ್-3 ಅನ್ನು. ಕಾಸ್ಪೇಸ್ ಅಂದರೆ ಕತ್ತರಿ. ಕಂಡ ಕಂಡ ಪ್ರೊಟೀನನ್ನೆಲ್ಲ ಕತ್ತರಿಸುವುದಿಲ್ಲ, ಆಯ್ದ ಜಾಗದಲ್ಲಿ ಮಾತ್ರ. ಕೋಶವನ್ನು ನೀಟಾಗಿ ಬಿಚ್ಚಲು ಅಷ್ಟು ಸಾಕು.

ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಹುಳದಲ್ಲಿ ಬೆಳವಣಿಗೆಯ ಹೊತ್ತಿಗೆ ಹುಟ್ಟುವ 1,090 ದೇಹಕೋಶಗಳಲ್ಲಿ ಪ್ರತಿ ಸಲವೂ ಅವೇ 131 ಕೋಶಗಳು ಸಾಯುತ್ತವೆ. ಈ ಹುಳದ ಮೇಲಿನ ಕೆಲಸಕ್ಕೇ 2002ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು, ಸಿಡ್ನಿ ಬ್ರೆನ್ನರ್, ರಾಬರ್ಟ್ ಹಾರ್ವಿಟ್ಜ್, ಜಾನ್ ಸಲ್ಸ್ಟನ್ ಅವರಿಗೆ. ಅಲ್ಲಿ ಸಾವು ಮೊದಲೇ ಬರೆದಿಟ್ಟ ಪಟ್ಟಿಯ ಪ್ರಕಾರ. ವೃಷಣದಲ್ಲಿ ಪಟ್ಟಿ ಇಲ್ಲ. ಅಲ್ಲಿ ಪ್ರತಿ ಕೋಶಕ್ಕೂ ಆಯಾ ಹೊತ್ತಿಗೆ ವಿಚಾರಣೆ ನಡೆಯುತ್ತದೆ.

ಕೊಳವೆಯ ಒಳಗೆ

ವೃಷಣದ ತುಂಬ ಸುರುಳಿ ಸುತ್ತಿದ ಸಣ್ಣ ಕೊಳವೆಗಳು. ಮನುಷ್ಯನಲ್ಲಿ ಎಲ್ಲವನ್ನೂ ಬಿಡಿಸಿ ಜೋಡಿಸಿದರೆ ನೂರಾರು ಮೀಟರ್ ಆಗುತ್ತದೆ. ಒಂದು ಕೊಳವೆಯನ್ನು ಅಡ್ಡಡ್ಡ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಹೊರಗೋಡೆಗೆ ಅಂಟಿಕೊಂಡು ಕಾಂಡಕೋಶಗಳೂ ಅವುಗಳ ಮೊದಲ ತಲೆಮಾರಿನ ಮಕ್ಕಳೂ ಇರುತ್ತವೆ. ಒಳಗೆ ಬಂದ ಹಾಗೆ ಮಿಯಾಸಿಸ್‌ನಲ್ಲಿರುವ ದೊಡ್ಡ ಕೋಶಗಳು. ಇನ್ನೂ ಒಳಗೆ ಗುಂಡಗಿನ ಮರಿ ವೀರ್ಯಾಣುಗಳು. ನಡುವಿನ ಖಾಲಿ ಜಾಗದ ಅಂಚಿನಲ್ಲಿ ಬಾಲ ಬಂದವು. ಹೊರಗಿನಿಂದ ಒಳಕ್ಕೆ ಬರುವ ಈ ಪ್ರಯಾಣಕ್ಕೆ ಮನುಷ್ಯನಲ್ಲಿ ಸುಮಾರು 74 ದಿನ ಬೇಕು. ಇಲಿಗೆ 35 ದಿನ ಸಾಕು.

ಈ ಎಲ್ಲ ಪದರಗಳನ್ನೂ ದಾಟಿ, ಗೋಡೆಯಿಂದ ನಡುವಿನವರೆಗೆ ಮೈಚಾಚಿ ನಿಂತಿರುವ ಕೋಶ ಒಂದಿದೆ: ಸರ್ಟೋಲಿ ಕೋಶ. 1865ರಲ್ಲಿ ಇಟಲಿಯ ಎನ್ರಿಕೊ ಸರ್ಟೋಲಿ ಇದನ್ನು ವಿವರಿಸಿದರು. ಬೆಳೆಯುವ ಜನನಕೋಶಗಳು, ಅಂದರೆ ಮುಂದೆ ವೀರ್ಯಾಣು ಆಗಬೇಕಾದ ಕೋಶಗಳು, ಇದರ ಮಡಿಲಲ್ಲೇ ಇರುತ್ತವೆ. ಅವಕ್ಕೆ ಆಹಾರ ಕೊಡುವುದು ಇದು, ರಕ್ತದಲ್ಲಿ ಓಡಾಡುವ ರಕ್ಷಣಾ ಕೋಶಗಳಿಂದ ಮರೆಮಾಡುವುದೂ ಇದು. ಸತ್ತರೆ ನುಂಗುವುದೂ ಇದೇ. ದಾದಿಯೂ ಹೌದು, ಚಟ್ಟ ಕಟ್ಟುವವಳೂ ಹೌದು.

ಇಲ್ಲೊಂದು ತಮಾಷೆ ಇದೆ. ಸಾಯುವ ಕೋಶಗಳಿಗೆ ಬಣ್ಣ ಹತ್ತಿಸುವ ಟನೆಲ್ ಎಂಬ ವಿಧಾನ ಇದೆ. ತುಂಡಾದ ಡಿಎನ್‌ಎಯ ತುದಿಗಳಿಗೆ ಅದು ಗುರುತು ಅಂಟಿಸುತ್ತದೆ. ಆರೋಗ್ಯವಂತ ವೃಷಣದ ತೆಳು ಹೋಳಿಗೆ ಇದನ್ನು ಹಾಕಿ ನೋಡಿದರೆ ಎಷ್ಟೋ ಕೊಳವೆಗಳಲ್ಲಿ ಒಂದೂ ಚುಕ್ಕೆ ಕಾಣುವುದಿಲ್ಲ. ಕೆಲವದರಲ್ಲಿ ಎರಡು ಮೂರು ಕಂದು ಚುಕ್ಕೆ, ಅಷ್ಟೇ. ಅಷ್ಟೊಂದು ಸಾವು ನಡೆಯುತ್ತಿದೆ ಅಂತೀರಿ, ಹೆಣಗಳೆಲ್ಲಿ? ಉತ್ತರ ಸರ್ಟೋಲಿ ಕೋಶದ ಹೊಟ್ಟೆಯಲ್ಲಿದೆ. ಕೆಲವೇ ಗಂಟೆಗಳಲ್ಲಿ ಎಲ್ಲ ಗುಡಿಸಿ ಆಗಿರುತ್ತದೆ. ನಮಗೆ ಕಾಣುವುದು ಆ ಕ್ಷಣಕ್ಕೆ ಸಿಕ್ಕಿಬಿದ್ದ ಎರಡು ಮೂರು ಮಾತ್ರ.

ಯಾವುದನ್ನು ನುಂಗಬೇಕು ಅಂತ ಅದಕ್ಕೆ ಗೊತ್ತಾಗುವುದೂ ಚೆನ್ನಾಗಿದೆ. ಕೋಶದ ಪೊರೆಯ ಒಳಮೈಯಲ್ಲಿ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬು ಇರುತ್ತದೆ. ಬದುಕಿರುವ ಕೋಶ ಅದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಸಾಯಲು ಹೊರಟಾಗ ಅದು ಹೊರಮೈಗೆ ಮಗುಚಿಕೊಳ್ಳುತ್ತದೆ. ಅಂಗಿ ತಿರುಗುಮುರುಗಾಗಿ ಹಾಕಿಕೊಂಡ ಹಾಗೆ. ಸರ್ಟೋಲಿ ಕೋಶಕ್ಕೆ ಆ ಗುರುತು ಸಾಕು. ಈ ಗುಡಿಸುವ ಕೆಲಸಕ್ಕೆ ಬೇಕಾದ ಎಲ್ಮೊ-1 ಎಂಬ ಜೀನ್ ತೆಗೆದ ಇಲಿಗಳಲ್ಲಿ ಸತ್ತ ಕೋಶಗಳು ಕೊಳವೆಯಲ್ಲೇ ಗುಪ್ಪೆ ಬಿದ್ದವು, ವೀರ್ಯಾಣು ಕಮ್ಮಿಯಾಯಿತು. ಆ ಗುರುತು ಹಿಡಿಯಲು ನೆರವಾಗುವ ಟೈರೊ-3, ಆಕ್ಸೆಲ್, ಮೆರ್ ಎಂಬ ಮೂರು ಗ್ರಾಹಕ ಪ್ರೊಟೀನ್‌ಗಳನ್ನೂ ಒಟ್ಟಿಗೆ ತೆಗೆದಾಗ ಗಂಡಿಲಿಗಳು ಬಂಜೆಯಾದವು. ಸಾಯುವುದು ಒಂದು ಕೆಲಸ, ಸಾಗಿಸುವುದು ಇನ್ನೊಂದು. ಎರಡೂ ಆಗಬೇಕು.

ಸಾವು ತಡೆದರೆ ಏನಾಯಿತು

ಇಲಿಮರಿಯ ವೃಷಣದಲ್ಲಿ ಮೊದಲ ಸುತ್ತಿನ ಜನನಕೋಶಗಳು ಬೆಳೆಯಲು ಶುರುಮಾಡಿದಾಗ, ಹುಟ್ಟಿ ಎರಡರಿಂದ ನಾಲ್ಕು ವಾರದ ನಡುವೆ, ಸಾವಿನ ದೊಡ್ಡ ಅಲೆಯೊಂದು ಏಳುತ್ತದೆ. ದೊಡ್ಡ ಇಲಿಯಲ್ಲಿ ದಿನಾ ನಡೆಯುವುದಕ್ಕಿಂತ ಎಷ್ಟೋ ಜಾಸ್ತಿ. ಇದನ್ನು ಮಾಡಿಸುವುದು ಬ್ಯಾಕ್ಸ್.

1995ರಲ್ಲಿ ಬ್ಯಾಕ್ಸ್ ಜೀನೇ ಇಲ್ಲದ ಇಲಿಗಳನ್ನು ತಯಾರಿಸಿದರು. 1997ರಲ್ಲಿ ಇನ್ನೊಂದು ತಂಡ ಉಲ್ಟಾ ದಾರಿ ಹಿಡಿಯಿತು: ಉಳಿಸುವ ಪಕ್ಷದ ಬಿಸಿಎಲ್-2 ಅಥವಾ ಬಿಸಿಎಲ್-ಎಕ್ಸ್‌ಎಲ್ ಜನನಕೋಶಗಳಲ್ಲಿ ವಿಪರೀತ ಹೆಚ್ಚಾಗುವಂತೆ ಮಾಡಿತು. ಎರಡರಲ್ಲೂ ಆ ಮೊದಲ ಅಲೆ ಏಳಲಿಲ್ಲ. ಕೋಶಗಳು ಸಾಯದೆ ಉಳಿದವು. ಉಳಿದದ್ದಷ್ಟೇ ಅಲ್ಲ, ಕೊಳವೆಯ ಒಳಗೆ ಒತ್ತೊತ್ತಾಗಿ ತುಂಬಿಕೊಂಡವು. ಸಾಲಾಗಿ ನಿಲ್ಲಬೇಕಿದ್ದ ಪದರಗಳ ಗುರುತೇ ಸಿಗದಂತೆ ಕಲಸಿಹೋದವು. ಮುಂದಿನ ಹಂತಕ್ಕೆ ಹೋಗಲಾರದೆ ಅಲ್ಲೇ ಕೊಳೆತವು. ಕೊನೆಗೆ ಇನ್ನೊಂದು ಸಾವಿನ ಅಲೆ ಎದ್ದಿತು. ಈ ಸಲ ಹದ್ದುಬಸ್ತು ಇರಲಿಲ್ಲ. ಇಲಿಗಳು ಪ್ರಾಯಕ್ಕೆ ಬಂದಾಗ ವೀರ್ಯಾಣು ಇರಲಿಲ್ಲ. ಎರಡೂ ದಾರಿ ಒಂದೇ ಊರಿಗೆ ಹೋದವು: ಬಂಜೆತನ.

ಯಾಕೆ ಹೀಗೆ? ದಾದಿಯರ ಲೆಕ್ಕ ನೋಡಿ. ಸರ್ಟೋಲಿ ಕೋಶಗಳು ಜೀವನದ ಮೊದಲ ಭಾಗದಲ್ಲಿ ಮಾತ್ರ ಒಡೆದು ಹೆಚ್ಚಾಗುತ್ತವೆ. ಇಲಿಯಲ್ಲಿ ಹುಟ್ಟಿ ಎರಡು ವಾರದಷ್ಟು, ಮನುಷ್ಯನಲ್ಲಿ ಹದಿಹರೆಯದವರೆಗೆ. ಆಮೇಲೆ ಅಷ್ಟೇ ಸಂಖ್ಯೆ. ಒಬ್ಬ ದಾದಿ ಸಾಕಬಲ್ಲ ಮರಿಗಳಿಗೆ ಒಂದು ಮಿತಿ ಇದೆ. ಆದರೆ ಕಾಂಡಕೋಶದ ಮಕ್ಕಳಿಗೆ ಆ ಮಿತಿ ಗೊತ್ತಿಲ್ಲ. ಅವು ಎರಡು, ನಾಲ್ಕು, ಎಂಟು ಅಂತ ಹೆಚ್ಚುತ್ತಲೇ ಹೋಗುತ್ತವೆ. ಒತ್ತಾಗಿ ಬಿತ್ತಿದ ಮಡಿಯಲ್ಲಿ ಪೈರು ಕೀಳದೆ ಬಿಟ್ಟರೆ ಯಾವ ಸಸಿಯೂ ತೆನೆ ಹಿಡಿಯುವುದಿಲ್ಲ. ಇದೂ ಹಾಗೇ. ಮೊದಲ ಅಲೆ ಸಸಿಗಳನ್ನು ತೆಳುಮಾಡುತ್ತದೆ. ದೊಡ್ಡ ಪ್ರಾಣಿಯಲ್ಲೂ ಅದೇ ಕೆಲಸ ಸಣ್ಣ ಪ್ರಮಾಣದಲ್ಲಿ ಮುಂದುವರಿಯುತ್ತದೆ. ಕೊಳವೆಯ ಯಾವ ಜಾಗದಲ್ಲಿ ಮಕ್ಕಳು ಜಾಸ್ತಿಯೋ ಅಲ್ಲಿ ಸಾವು ಜಾಸ್ತಿ.

ಈ ಮಕ್ಕಳು ಬಿಡಿಬಿಡಿಯಾಗಿ ಇರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೋಶ ಒಡೆಯುವಾಗ ಪೂರ್ತಿ ಬೇರ್ಪಡುವುದಿಲ್ಲ. ನಡುವೆ ಸಣ್ಣ ಸೇತುವೆ ಉಳಿದುಬಿಡುತ್ತದೆ. ಹಾಗಾಗಿ ಒಂದೇ ತಾಯಿಯ ಮಕ್ಕಳೆಲ್ಲ ಒಂದೇ ರಸ ಹಂಚಿಕೊಂಡು, ಸರಪಳಿಯಂತೆ ಜೊತೆಯಲ್ಲೇ ಬೆಳೆಯುತ್ತವೆ. ಸಾಯುವಾಗಲೂ ಅಷ್ಟೇ, ಎಷ್ಟೋ ಸಲ ಗುಂಪಾಗಿ ಸಾಯುತ್ತವೆ.

ಅಂದಹಾಗೆ, ಈ ಶಿಸ್ತು ಶುರುವಾಗುವುದು ವೃಷಣ ರೂಪುಗೊಳ್ಳುವ ಮುಂಚೆಯೇ. ಭ್ರೂಣದಲ್ಲಿ ಜನನಕೋಶಗಳು ಹುಟ್ಟುವುದು ಒಂದು ಕಡೆ, ಅವು ಸೇರಬೇಕಾದ ಜಾಗ ಇನ್ನೊಂದು ಕಡೆ. ಅಲ್ಲಿಗೆ ಅವು ತೆವಳಿಕೊಂಡು ಹೋಗುತ್ತವೆ. ದಾರಿ ತಪ್ಪಿದವನ್ನು ಮುಗಿಸುವುದೂ ಬ್ಯಾಕ್ಸ್. ಬ್ಯಾಕ್ಸ್ ಇಲ್ಲದ ಇಲಿ ಭ್ರೂಣಗಳಲ್ಲಿ ದಾರಿ ತಪ್ಪಿದವು ಎಲ್ಲೆಲ್ಲೋ ಬದುಕಿ ಉಳಿದಿದ್ದವು. ಮನುಷ್ಯರಲ್ಲಿ ಎದೆಯ ನಡುವೆ, ಮೆದುಳಿನ ನಡುಭಾಗದಲ್ಲಿ ಅಪರೂಪಕ್ಕೆ ಕಾಣುವ ಜನನಕೋಶದ ಗೆಡ್ಡೆಗಳಿಗೆ ಇಂಥ ದಾರಿ ತಪ್ಪಿದವೇ ಮೂಲ ಎಂಬುದು ಒಂದು ಮುಖ್ಯ ವಿವರಣೆ.

ಎರಡನೇ ತಪಾಸಣೆ

ಮಿಯಾಸಿಸ್ ಅಪಾಯದ ಕೆಲಸ. ತಾಯಿಯಿಂದ ಬಂದ ಕ್ರೋಮೋಸೋಮ್ ಮತ್ತು ತಂದೆಯಿಂದ ಬಂದ ಕ್ರೋಮೋಸೋಮ್ ಪಕ್ಕಪಕ್ಕ ಬಂದು, ತುಂಡು ಅದಲುಬದಲು ಮಾಡಿಕೊಂಡು, ಆಮೇಲೆ ಬೇರಾಗಬೇಕು. ಇದಕ್ಕಾಗಿ ಸ್ಪೊ-11 ಎಂಬ ಪ್ರೊಟೀನ್ ಬೇಕಂತಲೇ ಡಿಎನ್‌ಎಯನ್ನು ನೂರಾರು ಕಡೆ ಕತ್ತರಿಸುತ್ತದೆ. ಕತ್ತರಿಸಿದ್ದೆಲ್ಲ ಮತ್ತೆ ಸರಿಯಾಗಿ ಹೊಲಿಗೆಯಾಗಬೇಕು. ಜೋಡಿಗಳು ಕೂಡಿಬರಬೇಕು. ಆಗದಿದ್ದರೆ ಆ ಕೋಶ ಮುಂದೆ ಹೋಗುವ ಹಾಗಿಲ್ಲ.

ಆಗಿದೆಯೋ ಇಲ್ಲವೋ ಅಂತ ಕೋಶಕ್ಕೆ ಗೊತ್ತಾಗುವ ಒಂದು ದಾರಿ ಎಕ್ಸ್ ಮತ್ತು ವೈ ಕ್ರೋಮೋಸೋಮ್‌ಗಳ ಮೂಲಕ. ಇವೆರಡೂ ಒಂದಕ್ಕೊಂದು ಹೊಂದುವ ಜೋಡಿ ಅಲ್ಲ. ಆದ್ದರಿಂದ ಮಿಯಾಸಿಸ್ ಹೊತ್ತಿಗೆ ಇವನ್ನು ಒಂದು ಮೂಲೆಗೆ ತಳ್ಳಿ, ಇವುಗಳ ಜೀನ್‌ಗಳ ಬಾಯಿ ಮುಚ್ಚಿಸಲಾಗುತ್ತದೆ. ಬೇರೆ ಕ್ರೋಮೋಸೋಮ್‌ಗಳ ಜೋಡಿ ಕೆಟ್ಟರೆ ಬಾಯಿ ಮುಚ್ಚಿಸುವ ಪ್ರೊಟೀನ್‌ಗಳೆಲ್ಲ ಆ ಕಡೆ ಓಡುತ್ತವೆ. ಆಗ ವೈ ಮೇಲಿರುವ ಝಡ್‌ಎಫ್‌ವೈ ಜೀನ್‌ಗಳು ಬಾಯಿ ಬಿಡುತ್ತವೆ. ಇಲಿಯಲ್ಲಿ ಅಷ್ಟಾದರೆ ಆ ಕೋಶದ ಕಥೆ ಮುಗಿಯಿತು. ಕಾವಲುಗಾರ ಬೇರೆ ಕಡೆ ಓಡಿದ ಅನ್ನುವುದೇ ಇಲ್ಲಿ ಗಂಟೆ ಬಾರಿಸುವ ಕಾರಣ. ನನಗೆ ಈ ಇಡೀ ವಿಷಯದಲ್ಲಿ ಅತಿ ಜಾಣತನದ್ದು ಅನ್ನಿಸಿದ್ದು ಇದು.

ವೀರ್ಯದಲ್ಲಿ ವೀರ್ಯಾಣುವೇ ಇಲ್ಲದ ಕೆಲವರ ವೃಷಣದ ಚೂರು ತೆಗೆದು ನೋಡಿದಾಗ ಕಾಣುವುದೂ ಹೀಗೇ: ಎಲ್ಲ ಕೊಳವೆಗಳೂ ಮಿಯಾಸಿಸ್‌ವರೆಗೆ ತುಂಬಿವೆ, ಅಲ್ಲಿಂದಾಚೆ ಖಾಲಿ. ವರದಿಯಲ್ಲಿ ಇದನ್ನು ಮೆಚ್ಯುರೇಶನ್ ಅರೆಸ್ಟ್ ಅಂತ ಬರೆಯುತ್ತಾರೆ. ಹೆಣ್ಣಿನ ಅಂಡದಲ್ಲಿ ಈ ತಪಾಸಣೆ ಇಷ್ಟು ಬಿಗಿ ಇಲ್ಲ. ಡೌನ್ ಸಿಂಡ್ರೋಮ್‌ನ ಹೆಚ್ಚುವರಿ 21ನೇ ಕ್ರೋಮೋಸೋಮ್ ಹತ್ತರಲ್ಲಿ ಒಂಬತ್ತು ಸಲ ಅಂಡದಿಂದಲೇ ಬರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಕೊಲ್ಲುವ ಕತ್ತರಿಯಿಂದ ಕೆತ್ತನೆ

ಮಿಯಾಸಿಸ್ ದಾಟಿದ ಗುಂಡಗಿನ ಕೋಶ ವೀರ್ಯಾಣುವಿನ ಆಕಾರಕ್ಕೆ ಬರಬೇಕಾದರೆ ಮೈಯಲ್ಲಿರುವ ರಸವನ್ನು ಬಹುಪಾಲು ಕಳಚಿ ಎಸೆಯಬೇಕು. ಭಾರ ಹೊತ್ತುಕೊಂಡು ಈಜಲು ಆಗುವುದಿಲ್ಲ. ಇದನ್ನು ನೋಡಲು ಹಣ್ಣಿನ ನೊಣಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ. ಮೂರು ಮಿಲಿಮೀಟರ್ ಕೂಡ ಇಲ್ಲದ ಆ ನೊಣದ ವೀರ್ಯಾಣು 1.8 ಮಿಲಿಮೀಟರ್ ಉದ್ದ. ಮನುಷ್ಯನದಕ್ಕಿಂತ ಸುಮಾರು 30 ಪಟ್ಟು!

ಅಲ್ಲಿ 64 ಮರಿ ವೀರ್ಯಾಣುಗಳು ಒಂದು ಕಟ್ಟಿನಲ್ಲಿ ಬೆಳೆಯುತ್ತವೆ, ಒಂದೇ ಹೊದಿಕೆಯ ಒಳಗೆ. ಬಾಲ ಪೂರ್ತಿ ಬೆಳೆದ ಮೇಲೆ ತಲೆಯ ಬುಡದಲ್ಲಿ 64 ಸಣ್ಣ ಶಂಕುಗಳು ಹುಟ್ಟಿ ಬಾಲದ ತುದಿಯ ಕಡೆಗೆ ಜಾರುತ್ತವೆ. ಹೋಗುತ್ತಾ ಹೋಗುತ್ತಾ ರಸವನ್ನು ಮುಂದೆ ತಳ್ಳುತ್ತವೆ. ಉದ್ದನೆಯ ಬಲೂನನ್ನು ಬೆರಳಲ್ಲಿ ಹಿಂಡುತ್ತಾ ಹೋದ ಹಾಗೆ ಒಂದು ಉಬ್ಬು ಮುಂದೆ ಮುಂದೆ ಸಾಗುತ್ತದೆ. ಹಿಂದೆ ಉಳಿಯುವುದು ತೆಳ್ಳಗಿನ, ಬಿಡಿಬಿಡಿಯಾದ ವೀರ್ಯಾಣುಗಳು. ತುದಿಯಲ್ಲಿ ಕಸದ ಚೀಲವೊಂದು ಕಳಚಿಕೊಳ್ಳುತ್ತದೆ.

2003ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಎಲಿ ಅರಾಮಾ, ಹರ್ಮನ್ ಸ್ಟೆಲ್ಲರ್ ಮತ್ತು ಜೊತೆಗಾರರು ಈ ಕೆಲಸದ ಹೊತ್ತಿಗೆ ಕಾಸ್ಪೇಸ್‌ಗಳು ಎಚ್ಚರವಾಗಿರುತ್ತವೆ ಎಂದು ತೋರಿಸಿದರು. ಹೌದು, ಅದೇ ಮರಣದ ಕತ್ತರಿ. ಆದರೆ ಕೋಶ ಸಾಯುವುದಿಲ್ಲ. ಕಾಸ್ಪೇಸ್ ತಡೆದರೆ ರಸ ಕಳಚುವುದಿಲ್ಲ, ನೊಣ ಬಂಜೆಯಾಗುತ್ತದೆ. ಹಾಗಾದರೆ ಕತ್ತರಿ ನ್ಯೂಕ್ಲಿಯಸ್‌ಗೆ ತಗುಲದೆ ಇರುವುದು ಹೇಗೆ? ಕಾವಲಿದೆ. ಡಿಬ್ರೂಸ್ ಎಂಬ ತಡೆ ಪ್ರೊಟೀನ್ ಇಲ್ಲದ ನೊಣಗಳಲ್ಲಿ ವೀರ್ಯಾಣುವಿನ ನ್ಯೂಕ್ಲಿಯಸ್ಸೇ ಹಾಳಾಯಿತು.

ನಮ್ಮಲ್ಲಿ ಈ ಕಳಚಿದ ರಸದ ಉಂಡೆಗಳನ್ನು ಸರ್ಟೋಲಿ ಕೋಶ ನುಂಗುತ್ತದೆ. ಆ ಉಂಡೆಗಳ ಮೈಮೇಲೂ ಅದೇ ಫಾಸ್ಫಟಿಡೈಲ್‌ಸೆರೀನ್. ಅಂದರೆ ಸತ್ತ ಕೋಶದ ವೇಷ ಹಾಕಿಕೊಂಡ ತುಂಡು. ಸರಿಯಾಗಿ ಕಳಚದೆ ಕತ್ತಿನ ಬಳಿ ರಸದ ಗಂಟು ಉಳಿಸಿಕೊಂಡ ವೀರ್ಯಾಣುಗಳು ಲ್ಯಾಬಿನಲ್ಲಿ ದಿನಾ ಕಾಣಸಿಗುತ್ತವೆ. ಅವುಗಳ ಗುಣಮಟ್ಟ ಕೆಳಗೆ.

ಸಾವು ಜಾಸ್ತಿಯಾದಾಗ, ಅರ್ಧಕ್ಕೆ ನಿಂತಾಗ

ಜರಡಿಯ ಕಣ್ಣು ಕಿರಿದಾದರೆ ಏನಾಗುತ್ತದೆ ಅನ್ನುವುದು ಬಹಳ ಜನಕ್ಕೆ ಅರ್ಧ ಗೊತ್ತಿರುವ ಸಂಗತಿ. ವೃಷಣ ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿರಬೇಕು. ಇಲಿಯ ವೃಷಣವನ್ನು 43 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 15 ನಿಮಿಷ ಇಟ್ಟರೆ ಸಾಕು, ಮಿಯಾಸಿಸ್‌ನಲ್ಲಿರುವ ಕೋಶಗಳೂ ಗುಂಡಗಿನ ಮರಿ ವೀರ್ಯಾಣುಗಳೂ ಸಾಲುಸಾಲಾಗಿ ಸಾಯುತ್ತವೆ. ಕಾಂಡಕೋಶಗಳು ಮಾತ್ರ ತಡೆದುಕೊಳ್ಳುತ್ತವೆ. ಹೊಟ್ಟೆಯಲ್ಲೇ ಉಳಿದ ವೃಷಣದ ತೊಂದರೆಗೆ ಇದೂ ಒಂದು ಕಾರಣ. ಜೋರು ಜ್ವರ ಬಂದವರಲ್ಲಿ ವೀರ್ಯಾಣು ಸಂಖ್ಯೆ ಕುಸಿಯುವುದು ಆ ವಾರವೇ ಅಲ್ಲ, ಕೆಲವು ವಾರ ಕಳೆದ ಮೇಲೆ. 74 ದಿನದ ಸಾಲಿನಲ್ಲಿ ನಡುವೆ ಬಿದ್ದ ಖಾಲಿ ಜಾಗ ಬಾಗಿಲಿಗೆ ಬರಲು ಅಷ್ಟು ಹೊತ್ತು ಬೇಕು. ಜ್ವರ ಬಿಟ್ಟ ತಿಂಗಳಲ್ಲೇ ಪರೀಕ್ಷೆ ಮಾಡಿಸಿ ಗಾಬರಿಯಾಗುವವರು ಇದನ್ನು ನೆನಪಿಡಬೇಕು. ಟೆಸ್ಟೋಸ್ಟೆರಾನ್ ಕಮ್ಮಿಯಾದರೂ ಸಾವು ಏರುತ್ತದೆ. ಕ್ಯಾನ್ಸರ್‌ನ ಕೀಮೋ, ವಿಕಿರಣ ಚಿಕಿತ್ಸೆಗಳಂತೂ ಒಡೆಯುತ್ತಿರುವ ಕೋಶಗಳನ್ನೇ ಹುಡುಕಿ ಹೊಡೆಯುತ್ತವೆ. ಚಿಕಿತ್ಸೆಗೆ ಮುಂಚೆ ವೀರ್ಯಾಣು ಶೈತ್ಯದಲ್ಲಿ ಇಡಿಸಿ ಎಂದು ವೈದ್ಯರು ಹೇಳುವುದು ಅದಕ್ಕೇ.

ಆದರೆ ವೃಷಣ ಖಾಲಿಯಾದಾಗಲೆಲ್ಲ ಅಪೊಪ್ಟೋಸಿಸ್ ಮೇಲೆ ಗೂಬೆ ಕೂರಿಸುವಂತಿಲ್ಲ. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಬಿಲ ತೋಡಿ ಬದುಕುವ ಮೋಲ್ ಎಂಬ ಪ್ರಾಣಿ ಸಂತಾನದ ಕಾಲ ಮುಗಿದ ಮೇಲೆ ವೃಷಣವನ್ನು ಕುಗ್ಗಿಸಿಕೊಳ್ಳುತ್ತದೆ. ನೋಡಿದರೆ ಅಲ್ಲಿ ಕೋಶಗಳು ಸಾಯುವುದಿಲ್ಲ. ಸರ್ಟೋಲಿ ಕೋಶ ಹಿಡಿತ ಸಡಿಲಿಸುತ್ತದೆ, ಜನನಕೋಶಗಳು ಜೀವಂತವಾಗೇ ಕಳಚಿ ಹರಿದುಹೋಗುತ್ತವೆ.

ಅತಿ ತಲೆನೋವಿನದು ಅರ್ಧಕ್ಕೆ ನಿಂತ ಸಾವು. ವೀರ್ಯಾಣು ಪಕ್ವವಾಗುವಾಗ ಡಿಎನ್‌ಎಯನ್ನು ಪ್ರೋಟಮಿನ್ ಎಂಬ ಪ್ರೊಟೀನಿನಿಂದ ಬಿಗಿದು ಗಂಟು ಕಟ್ಟಲಾಗುತ್ತದೆ. ಮೈಟೊಕಾಂಡ್ರಿಯಾ ಎಲ್ಲ ಕತ್ತಿನ ಕೆಳಗೆ ಸುತ್ತಿಕೊಂಡಿರುತ್ತವೆ, ಡಿಎನ್‌ಎ ತಲೆಯಲ್ಲಿರುತ್ತದೆ. ಈ ಹಂತಕ್ಕೆ ಬಂದ ಮೇಲೆ ನೀಟಾಗಿ ಸಾಯುವ ದಾರಿಯೂ ಇಲ್ಲ, ಪೆಟ್ಟಾದ ಡಿಎನ್‌ಎಯನ್ನು ಸರಿಮಾಡಿಕೊಳ್ಳುವ ಸಾಮರ್ಥ್ಯವೂ ಇಲ್ಲ. ಸಾವಿನ ಯಂತ್ರ ಚಾಲೂ ಆಗಿ, ಮುಗಿಯುವ ಮುಂಚೆ ಕೋಶ ಈ ಹಂತಕ್ಕೆ ಬಂದುಬಿಟ್ಟರೆ ಅದು ಹಾಗೇ ಉಳಿಯುತ್ತದೆ. ಈಜುತ್ತದೆ. ಕೆಲವೊಮ್ಮೆ ಚೆನ್ನಾಗಿಯೇ ಈಜುತ್ತದೆ. ಒಳಗೆ ಡಿಎನ್‌ಎ ಮಾತ್ರ ಚೂರು. ಸಾಮಾನ್ಯ ವೀರ್ಯ ಪರೀಕ್ಷೆ ಎಣಿಕೆ, ಚಲನೆ, ಆಕಾರ ಮೂರನ್ನೇ ಮುಖ್ಯವಾಗಿ ನೋಡುತ್ತದೆ. ಅದರ ಕಣ್ಣಿಗೆ ಇದು ಬೀಳುವುದಿಲ್ಲ. ಹಾಗಾಗಿಯೇ ಡಿಎನ್‌ಎ ಫ್ರಾಗ್ಮೆಂಟೇಶನ್ ಟೆಸ್ಟ್ ಅಂತ ಬೇರೆಯದೊಂದು ಬಂದಿದೆ. ಪದೇ ಪದೇ ಗರ್ಭಪಾತ ಆದಾಗ, ವೃಷಣದ ರಕ್ತನಾಳ ಊದಿಕೊಂಡ ವೆರಿಕೊಸೀಲ್ ಇದ್ದಾಗ ಇದನ್ನು ಮಾಡಿಸಲು ಹೇಳುವುದುಂಟು. ಎಲ್ಲರಿಗೂ ಬೇಕಾದ ಪರೀಕ್ಷೆ ಇದಲ್ಲ.

ಕೆಲವು ಲ್ಯಾಬ್‌ಗಳಲ್ಲಿ ಇಂಥವನ್ನು ಬೇರ್ಪಡಿಸುವ ಒಂದು ಸಾಧನ ಇದೆ. ಅನೆಕ್ಸಿನ್-ವಿ ಎಂಬ ಪ್ರೊಟೀನ್ ಫಾಸ್ಫಟಿಡೈಲ್‌ಸೆರೀನ್‌ಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಕಬ್ಬಿಣದ ಅತಿ ಸಣ್ಣ ಮಣಿಗಳನ್ನು ಜೋಡಿಸಿ ವೀರ್ಯಾಣುಗಳ ಜೊತೆ ಬೆರೆಸುತ್ತಾರೆ. ಆಮೇಲೆ ಅದನ್ನೆಲ್ಲ ಆಯಸ್ಕಾಂತದ ನಡುವೆ ನಿಲ್ಲಿಸಿದ ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಇಳಿಯಬಿಡುತ್ತಾರೆ. ಸಾಯಲು ಹೊರಟು ನಿಂತವು ಮಣಿ ಹೊತ್ತುಕೊಂಡು ಗೋಡೆಗೆ ಅಂಟುತ್ತವೆ, ಉಳಿದವು ಕೆಳಗೆ ಇಳಿಯುತ್ತವೆ. ಇದರಿಂದ ಗರ್ಭ ನಿಂತೇ ನಿಲ್ಲುತ್ತದೆ ಅಂತೇನಿಲ್ಲ. ಆದರೂ ಆ ಕೊಳವೆಯ ಮುಂದೆ ನಿಂತಾಗ ಒಂದು ಕ್ಷಣ ತಮಾಷೆ ಅನ್ನಿಸುತ್ತದೆ: ಸರ್ಟೋಲಿ ಕೋಶ ಓದುವ ಅದೇ ಗುರುತನ್ನು ಇಲ್ಲಿ ಆಯಸ್ಕಾಂತ ಓದುತ್ತಿದೆ, ಮೊದಲನೇ ಜರಡಿಯಲ್ಲಿ ಸಿಗದೆ ನುಸುಳಿ ಬಂದವನ್ನು ಹಿಡಿಯಲು.